ಪೆಟ್ಟಿಗೆಯ ಮಾತು ಕೊನೆಗೆ, ಕೊಂಡಿಯ ಮಾತು ಮೊದಲು

ಹೋಂಡಾ ಗೋಲ್ಡ್ ವಿಂಗ್ ಕೊಂಡವರಿಗೆ ಕಂಪನಿ ಕೊಡುವ ಕೈಪಿಡಿಯಲ್ಲಿ ಒಂದು ಎಚ್ಚರಿಕೆ ಅಚ್ಚಾಗಿದೆ. ಈ ಬೈಕಿಗೆ ಟ್ರೇಲರ್ ಕಟ್ಟಬೇಡಿ, ಸೈಡ್‌ಕಾರ್ ಜೋಡಿಸಬೇಡಿ, ಇದನ್ನು ಅದಕ್ಕೆಂದು ತಯಾರಿಸಿಲ್ಲ, ಕಟ್ಟಿದರೆ ಗಾಡಿಯ ಹತೋಟಿ ಕೆಡುತ್ತದೆ ಎಂಬುದು ಅದರ ಸಾರ. ಹಾರ್ಲೆ-ಡೇವಿಡ್‌ಸನ್ ಕೈಪಿಡಿ ಇನ್ನೂ ಬಿಡಿಸಿ ಹೇಳುತ್ತದೆ: ಟೈರಿನ ಮೇಲೆ ಮಿತಿಮೀರಿದ ಭಾರ ಬೀಳುತ್ತದೆ, ಬ್ರೇಕು ಸಾಲದಾಗುತ್ತದೆ, ಓಟದ ಸ್ಥಿರತೆ ಹೋಗುತ್ತದೆ. ಇಷ್ಟೆಲ್ಲ ಬರೆದಿದ್ದರೂ ಬೇಸಿಗೆಯಲ್ಲಿ ಅಮೆರಿಕದ ಹೆದ್ದಾರಿಗಳಲ್ಲಿ ಹಿಂದೊಂದು ಪುಟ್ಟ ಗಾಡಿ ಎಳೆದುಕೊಂಡು ಹೋಗುವ ಬೈಕ್ ಕಂಡರೆ ಅದು ಬಹುಮಟ್ಟಿಗೆ ಗೋಲ್ಡ್ ವಿಂಗ್, ಇಲ್ಲವಾದರೆ ಹಾರ್ಲೆ. ಬೈಕಿಗೆಂದೇ ಟ್ರೇಲರ್ ಮಾಡಿ ಮಾರುವ ಟೆನೆಸ್ಸಿಯ ಬುಶ್‌ಟೆಕ್‌ನಂಥ ಕಂಪನಿಗಳೂ ಅಲ್ಲಿವೆ.

ಹಾಗಾದರೆ ಕೈಪಿಡಿ ಸುಮ್ಮನೆ ಹೆದರಿಸುತ್ತಿದೆಯೇ? ಹಾಗೆ ಅಂದುಕೊಂಡವರು ಟ್ರೇಲರ್ ಕೊಳ್ಳದಿರುವುದೇ ಒಳ್ಳೆಯದು. ನನ್ನ ಪ್ರಕಾರ ಟ್ರೇಲರ್ ಆರಿಸುವುದಕ್ಕೆ ಆ ಎಚ್ಚರಿಕೆಗಿಂತ ಒಳ್ಳೆಯ ಮಾರ್ಗದರ್ಶಿ ಇಲ್ಲ. ಟೈರಿನ ಭಾರ, ಬ್ರೇಕು, ಸ್ಥಿರತೆ ಎಂಬ ಮೂರು ಅಳುಕುಗಳಿಗೆ ಉತ್ತರ ಇರುವ ಟ್ರೇಲರ್ ಒಳ್ಳೆಯದು. ಉತ್ತರ ಇಲ್ಲದ್ದು ಎಷ್ಟು ಚೆನ್ನಾಗಿ ಬಣ್ಣ ಬಳಿದುಕೊಂಡಿದ್ದರೂ ಬೇಡ. ಮಳಿಗೆಗೆ ಹೋದವರು ಮೊದಲು ಪೆಟ್ಟಿಗೆಯ ಮುಚ್ಚಳ ಎತ್ತಿ ಒಳಗೆ ಎಷ್ಟು ಜಾಗ ಇದೆ ಎಂದು ನೋಡುತ್ತಾರೆ. ಬಣ್ಣ ಬೈಕಿನದಕ್ಕೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಕೆಳಗೆ ಬಗ್ಗಿ ಕೊಂಡಿಯನ್ನೂ ಚಕ್ರವನ್ನೂ ನೋಡುವವರು ಕಡಿಮೆ.

ಜಾಗದ ಹಸಿವು ಎಲ್ಲಿಂದ ಬಂತು ಎಂಬುದನ್ನು ಸ್ವಲ್ಪ ಹೇಳಬೇಕು. 1975ರಲ್ಲಿ ಬಂದ ಮೊದಲ ಗೋಲ್ಡ್ ವಿಂಗಿಗೆ 999 ಸಿಸಿಯ ಎಂಜಿನ್ ಇತ್ತು, ಆದರೆ ಗಾಳಿ ತಡೆಯುವ ಫೇರಿಂಗ್ ಇರಲಿಲ್ಲ, ಸಾಮಾನಿಡುವ ಪೆಟ್ಟಿಗೆಗಳೂ ಇರಲಿಲ್ಲ. ದೂರ ಹೋಗುವವರು ಕ್ರೇಗ್ ವೆಟರ್ ಅವರಂಥ ಹೊರಗಿನ ತಯಾರಕರ ಫೇರಿಂಗ್ ಕೊಂಡು ಜೋಡಿಸಿಕೊಳ್ಳುತ್ತಿದ್ದರು. ಈ ಅಗತ್ಯವನ್ನು ಕಂಡ ಹೋಂಡಾ 1980ರ ಇಂಟರ್‌ಸ್ಟೇಟ್ ಮಾದರಿಯಲ್ಲಿ ಫೇರಿಂಗನ್ನೂ ಪೆಟ್ಟಿಗೆಗಳನ್ನೂ ತಾನೇ ಕೊಟ್ಟಿತು. 1988ರಲ್ಲಿ ಆರು ಸಿಲಿಂಡರಿನ 1,520 ಸಿಸಿ ಎಂಜಿನ್ ಬಂತು, ಜೊತೆಗೆ ಹಿಂದಕ್ಕೆ ಸರಿಯುವ ಸೌಲಭ್ಯವೂ ಬಂತು. 2001ರಲ್ಲಿ ಎಂಜಿನ್ 1,832 ಸಿಸಿಗೆ ಬೆಳೆಯಿತು. ಆಮೇಲೆ 2018ರ ಹೊಸ ವಿನ್ಯಾಸದಲ್ಲಿ ಬೈಕು ನಲವತ್ತು ಕೆಜಿಯಷ್ಟು ಇಳಿದು ಹಗುರವಾಯಿತು. ಆದರೆ ಎರಡು ಪಕ್ಕದ ಪೆಟ್ಟಿಗೆ, ಒಂದು ಹಿಂದಿನ ಟ್ರಂಕ್ ಸೇರಿ ಸುಮಾರು 150 ಲೀಟರ್ ಇದ್ದ ಜಾಗ 110 ಲೀಟರಿಗೆ ಕುಗ್ಗಿತು. ಹಳೆಯ ಸವಾರರು ಗೊಣಗಿದರು. 2021ರಲ್ಲಿ ಕಂಪನಿ ಟ್ರಂಕನ್ನು ಒಂದಿಷ್ಟು ಹಿಗ್ಗಿಸಿ 121 ಲೀಟರಿಗೆ ತಂದಿತು.

ಬೈಕಿಗೆ ಕಟ್ಟುವ ಸಾಧಾರಣ ಟ್ರೇಲರಿನಲ್ಲಿ 20 ಘನ ಅಡಿ ಜಾಗ ಇರುತ್ತದೆ. ಅಂದರೆ 560 ಲೀಟರಿಗೂ ಹೆಚ್ಚು, ಬೈಕಿನ ಮೂರೂ ಪೆಟ್ಟಿಗೆಗಳ ನಾಲ್ಕೈದು ಪಟ್ಟು. ಗಂಡ ಹೆಂಡತಿ ಇಬ್ಬರೂ ಟೆಂಟು, ಮಲಗುವ ಚೀಲ, ಮಡಚುವ ಕುರ್ಚಿ, ಒಲೆ, ಎರಡು ವಾರದ ಬಟ್ಟೆ ಕಟ್ಟಿಕೊಂಡು ಸೌತ್ ಡಕೋಟದ ಸ್ಟರ್ಜಿಸ್ ಬೈಕ್ ಮೇಳಕ್ಕೋ ಯೆಲ್ಲೋಸ್ಟೋನಿಗೋ ಹೊರಟರೆ ಇದು ದೊಡ್ಡ ವರವೇ. ಒಬ್ಬರೇ ಹೋಗುವವರಿಗೆ, ರಾತ್ರಿ ಮೋಟೆಲಿನಲ್ಲಿ ತಂಗುವವರಿಗೆ ಟ್ರೇಲರ್ ಬೇಕೇ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಖಾಲಿ ಜಾಗ ಇದ್ದರೆ ಮನುಷ್ಯ ತುಂಬಿಯೇ ತುಂಬುತ್ತಾನೆ. ತುಂಬಿದ್ದನ್ನೆಲ್ಲ ಎಳೆಯಬೇಕಾದದ್ದು, ಅದಕ್ಕಿಂತ ಮುಖ್ಯವಾಗಿ ನಿಲ್ಲಿಸಬೇಕಾದದ್ದು, ಬೈಕಿನ ಎರಡೇ ಟೈರುಗಳು.

ಈಗ ಮೊದಲ ಅಳುಕು, ಭಾರ. ಇದರಲ್ಲಿ ಎರಡು ಲೆಕ್ಕಗಳಿವೆ. ಟ್ರೇಲರಿನ ಒಟ್ಟು ತೂಕ ಒಂದು. ಆ ತೂಕದಲ್ಲಿ ಬೈಕಿನ ಕೊಂಡಿಯ ಮೇಲೆ ಕೂರುವ ಪಾಲು ಇನ್ನೊಂದು. ಎರಡನೆಯದರ ಬಗ್ಗೆ ಎತ್ತಿನ ಗಾಡಿಗೆ ಹೇರು ಹೇರಿದವರಿಗೆ ಹೆಚ್ಚು ಹೇಳಬೇಕಿಲ್ಲ. ಮೂಟೆಗಳನ್ನು ಮುಂದಕ್ಕೆ ತುಂಬಿದರೆ ನೊಗ ಎತ್ತಿನ ಹೆಗಲನ್ನು ಅಮುಕುತ್ತದೆ. ಹಿಂದಕ್ಕೆ ತುಂಬಿದರೆ ಮೂಕಿ ಮೇಲೆದ್ದು ಕೊರಳಹಗ್ಗ ಎತ್ತಿನ ಗಂಟಲಿಗೆ ಬಿಗಿಯುತ್ತದೆ. ಹದವಾಗಿ ಹೇರಿದ ಗಾಡಿಯ ಮೂಕಿ ನೊಗದ ಮೇಲೆ ಸ್ವಲ್ಪವೇ ಭಾರ ಬಿಟ್ಟು ಕೂರುತ್ತದೆ. ಬೈಕ್ ಟ್ರೇಲರಿಗೂ ಬೇಕಾದದ್ದು ಆ ಸ್ವಲ್ಪ ಭಾರವೇ. ಅದು ಎಷ್ಟಿರಬೇಕು ಎಂಬುದಕ್ಕೆ ಅಲ್ಲಿನವರ ವಾಡಿಕೆ ಸಾಮಾನು ತುಂಬಿದ ಟ್ರೇಲರಿನ ತೂಕದ ಹತ್ತನೇ ಒಂದು ಪಾಲು.

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಖಾಲಿ ಟ್ರೇಲರ್ 90 ಕೆಜಿ, ಒಳಗಿನ ಸಾಮಾನು 70 ಕೆಜಿ, ಒಟ್ಟು 160. ಮೂಕಿಯ ತುದಿಯಲ್ಲಿ 16 ಕೆಜಿ ಇರಬೇಕು. ಗೋಲ್ಡ್ ವಿಂಗಿನ ಎರಡು ಆಕ್ಸಲ್‌ಗಳ ನಡುವಿನ ದೂರ 1,695 ಮಿಲಿಮೀಟರ್. ಕೊಂಡಿ ಹಿಂದಿನ ಆಕ್ಸಲ್‌ನಿಂದ ಸುಮಾರು 600 ಮಿಲಿಮೀಟರ್ ಹಿಂದೆ ಇದೆ ಎನ್ನೋಣ. ಅಲ್ಲಿ 16 ಕೆಜಿ ಇಟ್ಟರೆ ಹಿಂದಿನ ಚಕ್ರದ ಮೇಲೆ ಬೀಳುವುದು 16 ಅಲ್ಲ, ಸುಮಾರು 22. ಹೆಚ್ಚಿನ ಆರು ಕೆಜಿ ಮುಂದಿನ ಚಕ್ರದಿಂದ ಕಿತ್ತುಕೊಂಡು ಬಂದದ್ದು. ಇಷ್ಟನ್ನು ದೊಡ್ಡ ಬೈಕು ತಾಳುತ್ತದೆ. ಅದೇ ಮೂಕಿಯ ಮೇಲೆ 40 ಕೆಜಿ ಕೂತರೆ ಹಿಂದಿನ ಚಕ್ರಕ್ಕೆ 54 ಕೆಜಿ ಏರುತ್ತದೆ, ಮುಂದಿನ ಚಕ್ರ 14 ಕೆಜಿ ಹಗುರವಾಗುತ್ತದೆ. ಹ್ಯಾಂಡಲ್ ಸಡಿಲವಾದಂತೆ ಅನಿಸುತ್ತದೆ, ಮಳೆಯಲ್ಲಿ ಮುಂದಿನ ಬ್ರೇಕು ನೆಲ ಕಚ್ಚುವುದು ಕಡಿಮೆಯಾಗುತ್ತದೆ. ಸವಾರ, ಹಿಂದೆ ಕೂತವರು, ಪೆಟ್ಟಿಗೆಗಳ ಸಾಮಾನು ಎಲ್ಲ ಸೇರಿ ಇಷ್ಟು ಕೆಜಿ ಮೀರಬಾರದೆಂದು ಬೈಕಿಗೆ ಒಂದು ಮಿತಿ ಇರುತ್ತದೆ. ಕೊಂಡಿಯ ಮೇಲಿನ ಈ ಭಾರವೂ ಆ ಮಿತಿಯೊಳಗೇ ಬರಬೇಕು. ಟ್ರೇಲರ್ ಬಂತಲ್ಲ ಎಂದು ಭಾರವನ್ನೆಲ್ಲ ಅದಕ್ಕೆ ಹಾಕಿ ಬೈಕಿನ ಪೆಟ್ಟಿಗೆಗಳನ್ನೂ ಮೊದಲಿನಂತೆಯೇ ತುಂಬುವವರು ಈ ಲೆಕ್ಕ ಮರೆತಿರುತ್ತಾರೆ.

ಇನ್ನೊಂದು ತುದಿಯ ತಪ್ಪು ಇದಕ್ಕಿಂತ ಕೆಟ್ಟದ್ದು. ಭಾರ ಆಕ್ಸಲ್‌ನ ಹಿಂದಕ್ಕೆ ಸರಿದು ಮೂಕಿ ತೀರ ಹಗುರವಾದರೆ ಟ್ರೇಲರ್ ಅಡ್ಡಡ್ಡ ತೂಗಾಡಲು ತೊಡಗುತ್ತದೆ. ಕಡಿಮೆ ವೇಗದಲ್ಲಿ ಈ ತೂಗಾಟ ತಾನಾಗಿ ತಣಿಯುತ್ತದೆ. ವೇಗ ಒಂದು ಮಟ್ಟ ದಾಟಿದ ಮೇಲೆ ತಣಿಯುವ ಬದಲು ಪ್ರತಿ ಸಲವೂ ಹೆಚ್ಚುತ್ತ ಹೋಗುತ್ತದೆ. ಆ ಮಟ್ಟ ಗಂಟೆಗೆ ಎಷ್ಟು ಮೈಲಿ ಎಂಬುದು ಟ್ರೇಲರಿನ ಉದ್ದ, ಭಾರ ಹೇರಿದ ರೀತಿ, ಟೈರಿನ ಗಾಳಿ ಇವುಗಳ ಮೇಲೆ ನಿಲ್ಲುತ್ತದೆ. ಮಾರುವವರು 'ಎಂಬತ್ತು ಮೈಲಿಯಲ್ಲೂ ಹಿಂದೆ ಇದೆ ಅಂತಲೇ ಗೊತ್ತಾಗುವುದಿಲ್ಲ' ಅಂದರೆ, ಯಾವ ಹೇರಿನಲ್ಲಿ ಎಂದು ಕೇಳಬೇಕು. ಒಟ್ಟು ಸಾಮಾನಿನ ನೂರರಲ್ಲಿ ಅರವತ್ತು ಪಾಲು ಆಕ್ಸಲ್‌ಗಿಂತ ಮುಂದೆ, ನಲವತ್ತು ಹಿಂದೆ, ಭಾರದ್ದು ತಳದಲ್ಲಿ ಎಂಬುದು ರೂಢಿ. ಆದರೆ ಮೊಟಕು ಮೂಕಿಯ ಟ್ರೇಲರಿನಲ್ಲಿ ಎಷ್ಟು ಹುಷಾರಾಗಿ ಹೇರಿದರೂ ಅಷ್ಟಕ್ಕಷ್ಟೇ. ಕೊಂಡಿಯಿಂದ ಆಕ್ಸಲ್‌ವರೆಗಿನ ದೂರ ಹೆಚ್ಚಿದ್ದಷ್ಟೂ ಓಟ ನೆಟ್ಟಗಿರುತ್ತದೆ. ನೋಡಲು ಉದ್ದ ಮೂಕಿ ಅಂದವಲ್ಲ, ಗ್ಯಾರೇಜಿನಲ್ಲಿ ಜಾಗವೂ ತಿನ್ನುತ್ತದೆ. ನಾನಾದರೆ ಅದನ್ನೇ ಆರಿಸುತ್ತೇನೆ. ಹ್ಯಾಂಡಲ್ ಪೂರ್ತಿ ಹೊರಳಿಸಿ ತಿರುಗಿದಾಗ ಟ್ರೇಲರಿನ ಮೂಗು ಬೈಕಿನ ಪಕ್ಕದ ಪೆಟ್ಟಿಗೆಗೆ ತಾಗದಿರುವುದೂ ಈ ಉದ್ದದಿಂದಲೇ.

ಅಳೆಯುವುದು ಕಷ್ಟವಲ್ಲ. ಮನೆಯಲ್ಲಿ ನಾವು ತೂಕ ನೋಡಿಕೊಳ್ಳುವ ಯಂತ್ರ ಸಾಕು. ಅದರ ಮೇಲೆ ಮರದ ತುಂಡು ನಿಲ್ಲಿಸಿ, ಬೈಕಿನ ಕೊಂಡಿಯಷ್ಟೇ ಎತ್ತರದಲ್ಲಿ ಮೂಕಿಯ ತುದಿಯನ್ನು ಅದರ ಮೇಲೆ ಇಡಬೇಕು. ಟ್ರೇಲರ್ ಮಟ್ಟವಾಗಿರಬೇಕು, ಹೊರಡುವ ದಿನದ ಸಾಮಾನೇ ಒಳಗಿರಬೇಕು. ಇಲ್ಲಿ ಐಸ್‌ಪೆಟ್ಟಿಗೆಯದೊಂದು ಸ್ವಾರಸ್ಯ ಇದೆ. ಅಮೆರಿಕದ ಬೈಕ್ ಟ್ರೇಲರ್‌ಗಳಲ್ಲಿ ಮೂಕಿಯ ಮೇಲೆ ಒಂದು ಸಣ್ಣ ತಟ್ಟೆ ಇರುತ್ತದೆ, ಐಸ್‌ಪೆಟ್ಟಿಗೆ ಇಡಲಿಕ್ಕೆ. ಐಸು, ನೀರು, ಬಿಯರ್ ತುಂಬಿದರೆ ಅದೇ ಇಪ್ಪತ್ತು ಕೆಜಿ ಆಗಬಹುದು, ಅದೂ ಹೆಚ್ಚುಕಡಿಮೆ ನೇರವಾಗಿ ಕೊಂಡಿಯ ಮೇಲೆ. ಸಂಜೆಯ ಹೊತ್ತಿಗೆ ಐಸು ಕರಗಿ ಚೆಲ್ಲಿ, ಬಾಟಲಿಗಳು ಖಾಲಿಯಾಗಿ ಅದು ಐದು ಕೆಜಿಗೆ ಇಳಿಯುತ್ತದೆ. ಬೆಳಿಗ್ಗೆ ಹದವಾಗಿದ್ದ ಟ್ರೇಲರ್ ಸಂಜೆಗೆ ಮೂಗು ಎತ್ತಿಕೊಂಡಿರುತ್ತದೆ. ತಟ್ಟೆ ಬೇಡ ಎನ್ನುವುದಿಲ್ಲ. ತೂಗಿ ನೋಡುವಾಗ ಐಸ್‌ಪೆಟ್ಟಿಗೆಯನ್ನು ಒಮ್ಮೆ ತುಂಬಿ, ಒಮ್ಮೆ ಖಾಲಿಮಾಡಿ ಎರಡು ಸಲ ತೂಗಿ.

ಕೊಂಡಿಯ ಮಾತಿಗೆ ಬರೋಣ. ಕಾರಿಗೆ ಟ್ರೇಲರ್ ಕಟ್ಟುವುದಕ್ಕೂ ಬೈಕಿಗೆ ಕಟ್ಟುವುದಕ್ಕೂ ಇರುವ ಮೂಲ ವ್ಯತ್ಯಾಸ ಇಲ್ಲಿದೆ. ಕಾರು ತಿರುವಿನಲ್ಲಿ ವಾಲುವುದಿಲ್ಲ, ಬೈಕು ವಾಲುತ್ತದೆ. ಎರಡು ಚಕ್ರದ ಟ್ರೇಲರ್ ನೆಲಕ್ಕೆ ನೆಟ್ಟಗೆ ನಿಂತಿರುವಾಗಲೇ ಅದರ ಮುಂದಿನ ಬೈಕು ಮೂವತ್ತು ಡಿಗ್ರಿ ಪಕ್ಕಕ್ಕೆ ಬಾಗಿರಬಹುದು. ಕೊಂಡಿ ಈ ತಿರುಚನ್ನು ತಡೆಯಬಾರದು, ಬಿಟ್ಟುಕೊಡಬೇಕು. ಸಾಮಾನ್ಯ ಉಕ್ಕಿನ ಗುಂಡು ಮತ್ತು ಅದರ ಮೇಲೆ ಕೂರುವ ಕಪ್ಲರ್ ಸ್ವಲ್ಪ ಮಟ್ಟಿಗೆ ತಿರುಚಿಕೊಳ್ಳುತ್ತವೆ. ಆಮೇಲೆ ಒಂದಕ್ಕೊಂದು ಕಚ್ಚಿ ನಿಲ್ಲುತ್ತವೆ. ಆ ಕ್ಷಣದಿಂದ ಟ್ರೇಲರು ಬೈಕನ್ನು ನೆಟ್ಟಗೆ ನಿಲ್ಲಿಸಲು ಹೆಣಗುತ್ತದೆ, ಬೈಕು ಟ್ರೇಲರಿನ ಒಂದು ಚಕ್ರವನ್ನು ಎತ್ತಲು ಹೆಣಗುತ್ತದೆ. ತಿರುವಿನ ನಡುವೆ ಇಂಥ ಜಗಳ ಬೇಡ.

ಅದಕ್ಕಾಗಿಯೇ ಬೈಕ್ ಟ್ರೇಲರ್‌ಗಳಿಗೆ ಸ್ವಿವೆಲ್ ಕಪ್ಲರ್ ಇರುತ್ತದೆ. ಮೂಕಿಯ ತುದಿಯ ಈ ಭಾಗ ಒಂದು ಬೇರಿಂಗಿನ ಮೇಲೆ ಪೂರ್ತಿ ಸುತ್ತು ತಿರುಗುತ್ತದೆ. ಬೈಕು ಎಷ್ಟೇ ವಾಲಲಿ, ಟ್ರೇಲರಿಗೆ ಅದು ತಟ್ಟುವುದಿಲ್ಲ. ನಿಲ್ಲಿಸುವಾಗ ಬೈಕು ಮಗುಚಿದರೆ ಟ್ರೇಲರ್ ನಿಂತೇ ಇರುತ್ತದೆ. ಟ್ರೇಲರ್ ಗುಂಡಿಗೆ ಬಿದ್ದು ಮಗುಚಿದರೆ ಅದರ ತಿರುಚು ಬೈಕನ್ನು ಉರುಳಿಸುವುದಿಲ್ಲ. ಬೈಕಿಗೆಂದು ಮಾರುವ ಟ್ರೇಲರಿನಲ್ಲಿ ಇದು ಇಲ್ಲದಿದ್ದರೆ ಅದನ್ನು ಅಲ್ಲೇ ಬಿಟ್ಟು ಮುಂದೆ ನಡೆಯಬೇಕು. ಇದೊಂದರಲ್ಲಿ ರಾಜಿ ಇಲ್ಲ.

ಗುಂಡಿನ ಅಳತೆಯಲ್ಲೂ ಒಂದು ಮೋಸ ಇದೆ. ಸಣ್ಣ ಟ್ರೇಲರ್‌ಗಳಿಗೆ 1⅞ ಇಂಚಿನ ಗುಂಡು ವಾಡಿಕೆ, ದೊಡ್ಡವಕ್ಕೆ 2 ಇಂಚು. ಎರಡು ಇಂಚಿನ ಕಪ್ಲರನ್ನು ಸಣ್ಣ ಗುಂಡಿನ ಮೇಲಿಟ್ಟರೆ ಚೆನ್ನಾಗಿಯೇ ಕೂತಂತೆ ಕಾಣುತ್ತದೆ, ಬೀಗವೂ ಬೀಳುತ್ತದೆ. ದಾರಿಯಲ್ಲಿ ದೊಡ್ಡ ಕುಲುಕು ಬಂದಾಗ ಕಳಚಿಕೊಳ್ಳುತ್ತದೆ. ಹಾಗಾದಾಗ ಟ್ರೇಲರ್ ಬಿಟ್ಟುಹೋಗದಂತೆ ಎರಡು ಸರಪಳಿಗಳನ್ನು ಮೂಕಿಯ ಕೆಳಗೆ ಅಡ್ಡಹಾಯಿಸಿ ಕಟ್ಟುತ್ತಾರೆ. ಹೀಗೆ ಕತ್ತರಿಯಾಗಿ ಕಟ್ಟಿದರೆ ಕಳಚಿದ ಮೂಕಿ ನೆಲಕ್ಕೆ ಚುಚ್ಚದೆ ಸರಪಳಿಯ ತೊಟ್ಟಿಲಲ್ಲಿ ಬಂದು ಬೀಳುತ್ತದೆ. ಬೈಕಿನ ಕಡೆಯ ಕೊಂಡಿ ಎಲ್ಲಿಗೆ ಬೋಲ್ಟ್ ಆಗಿದೆ ಎಂಬುದನ್ನೂ ನೋಡಬೇಕು. ಅದು ಚೌಕಟ್ಟಿಗೆ ಹಲವು ಕಡೆ ಬಿಗಿಯಾಗಿರಬೇಕು. ಹಿಂದಿನ ಫೆಂಡರನ್ನೋ ಪೆಟ್ಟಿಗೆಯ ರಕ್ಷಣೆಗಿರುವ ಕಂಬಿಯನ್ನೋ ಆಸರೆ ಮಾಡಿಕೊಂಡ ಕೊಂಡಿ ಎಷ್ಟು ಅಗ್ಗವಾದರೂ ಬೇಡ.

ಬ್ರೇಕಿನ ಲೆಕ್ಕ ಚಿಕ್ಕದು, ಆದರೆ ಖಾರ. ಬೈಕ್ ಟ್ರೇಲರ್‌ಗಳಲ್ಲಿ ಬಹುಪಾಲಿಗೆ ತಮ್ಮದೇ ಬ್ರೇಕ್ ಇರುವುದಿಲ್ಲ. 380 ಕೆಜಿಯ ಬೈಕು, ಇಬ್ಬರು ಸವಾರರು ಮತ್ತು ಪೆಟ್ಟಿಗೆಯ ಸಾಮಾನು ಸೇರಿ 170 ಕೆಜಿ, ಒಟ್ಟು 550. ಇದಕ್ಕೆ ನಮ್ಮ 160 ಕೆಜಿಯ ಟ್ರೇಲರ್ ಸೇರಿದರೆ 710. ನೆಲ ಹಿಡಿದು ನಿಲ್ಲಿಸುವ ಟೈರುಗಳು ಮಾತ್ರ ಮೊದಲಿದ್ದ ಎರಡೇ. ಕೊಂಡಿಯ ಭಾರದಿಂದ ಹಿಂದಿನ ಟೈರಿಗೆ ಸಿಗುವ ತುಸು ಹೆಚ್ಚಿನ ಹಿಡಿತವನ್ನು ಬಿಟ್ಟರೆ, ನಿಲ್ಲುವ ದೂರ ಹತ್ತಿರಹತ್ತಿರ ಶೇಕಡ 30ರಷ್ಟು ಹೆಚ್ಚುತ್ತದೆ. ಗಂಟೆಗೆ ನೂರು ಕಿಲೋಮೀಟರ್ ವೇಗದಿಂದ ಒಣರಸ್ತೆಯಲ್ಲಿ 50 ಮೀಟರಿಗೆ ನಿಲ್ಲುತ್ತಿದ್ದ ಬೈಕಿಗೆ ಈಗ 65 ಮೀಟರ್ ಬೇಕು. ಆ ಹದಿನೈದು ಮೀಟರಿನಲ್ಲಿ ಮೂರು ಕಾರು ನಿಲ್ಲುತ್ತವೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಇನ್ನೂ ಒಂದು ತೊಂದರೆ: ಟ್ರೇಲರ್ ಹಿಂದಿನಿಂದ ನೂಕುತ್ತದೆ, ಬೈಕು ತಿರುಗಿರುವುದರಿಂದ ಆ ನೂಕು ಪಕ್ಕಕ್ಕೆ ಬೀಳುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ವೇಗ ಇಳಿಸಬೇಕು, ಗೇರಿನಲ್ಲಿ ಎಂಜಿನ್ನೇ ಹಿಡಿಯುವಂತೆ ಇಳಿಯಬೇಕು. ಖಾಲಿ ಟ್ರೇಲರಿನ ತೂಕ ಎಷ್ಟು ಎಂಬುದು ಇಷ್ಟು ಮುಖ್ಯವಾಗುವುದು ಇದಕ್ಕೇ. ತೆರೆದರೆ ಹಾಸಿಗೆ ಸಮೇತ ಟೆಂಟ್ ಆಗುವ ಟ್ರೇಲರ್‌ಗಳಿವೆ. ಅನುಕೂಲ ಬಹಳ, ಆದರೆ ಒಂದು ಅಂಗಿಯನ್ನೂ ಇಡುವ ಮೊದಲೇ ಅವು ನಮ್ಮ ಉದಾಹರಣೆಯ ತುಂಬಿದ ಟ್ರೇಲರಿನಷ್ಟು ತೂಗಬಲ್ಲವು.

ಬ್ರಿಟನ್ನಿನ ಕಾನೂನು ಈ ತೂಕದ ವಿಷಯದಲ್ಲಿ ಗೊಂದಲವಿಲ್ಲದೆ ಮಾತಾಡುತ್ತದೆ. ಬೈಕಿನ ಎಂಜಿನ್ 125 ಸಿಸಿ ಮೀರಿರಬೇಕು. ತುಂಬಿದ ಟ್ರೇಲರಿನ ತೂಕ 150 ಕೆಜಿ ಅಥವಾ ಬೈಕಿನ ತೂಕದ ಮೂರನೇ ಎರಡು ಭಾಗ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ದಾಟಬಾರದು. ಅಗಲ ಒಂದು ಮೀಟರ್ ಮೀರಬಾರದು. ಬೈಕಿನ ಹಿಂದಿನ ಆಕ್ಸಲ್‌ನಿಂದ ಟ್ರೇಲರಿನ ಹಿಂತುದಿಗೆ ಎರಡೂವರೆ ಮೀಟರ್ ಮಿತಿ. ಮೋಟಾರ್‌ವೇಯಲ್ಲೂ ಗಂಟೆಗೆ 60 ಮೈಲಿಯೇ ಗರಿಷ್ಠ. ಈ ಸೂತ್ರದ ಪ್ರಕಾರ ಗೋಲ್ಡ್ ವಿಂಗಿನಂಥ ದೈತ್ಯನಿಗೂ 150 ಕೆಜಿಯೇ, 180 ಕೆಜಿಯ ಬೈಕಿಗೆ 120 ಕೆಜಿ. ನನ್ನ ಉದಾಹರಣೆಯ 160 ಕೆಜಿಯ ಟ್ರೇಲರ್ ಲಂಡನ್ನಿನಲ್ಲಿ ಅಪರಾಧ. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಕ್ಯಾಲಿಫೋರ್ನಿಯದಲ್ಲಿ ಟ್ರೇಲರ್ ಎಳೆಯುವ ಯಾವ ವಾಹನವೂ 55 ಮೈಲಿ ದಾಟುವಂತಿಲ್ಲ; ಸೌತ್ ಡಕೋಟದ ಇಂಟರ್‌ಸ್ಟೇಟ್ ಹೆದ್ದಾರಿಯ ಫಲಕದಲ್ಲಿ 80 ಎಂದು ಬರೆದಿರುತ್ತದೆ. ಹೋಗುವ ದಾರಿಯಲ್ಲಿ ಎಷ್ಟು ರಾಜ್ಯಗಳಿವೆಯೋ ಅಷ್ಟೂ ರಾಜ್ಯಗಳ ನಿಯಮ ನೋಡಿಕೊಂಡು ಹೊರಡುವುದು ಬಿಟ್ಟರೆ ಬೇರೆ ದಾರಿ ಇಲ್ಲ. ನಾನು ಕೊಳ್ಳುವುದಾದರೆ ಎಲ್ಲೇ ಓಡಿಸಲಿ, ಬ್ರಿಟನ್ನಿನ ತೂಕವನ್ನೇ ಮಿತಿಯಾಗಿ ಇಟ್ಟುಕೊಳ್ಳುತ್ತೇನೆ.

ಫಲಕದಲ್ಲಿ 80 ಎಂದಿದ್ದರೂ ಟ್ರೇಲರಿನ ಟೈರ್ ಏನನ್ನುತ್ತದೆ ಎಂಬುದು ಬೇರೆ ಮಾತು. ಟ್ರೇಲರಿಗೆಂದೇ ಮಾಡಿದ ಟೈರುಗಳಲ್ಲಿ ಅನೇಕವು ಗಂಟೆಗೆ 65 ಮೈಲಿಯ ಲೆಕ್ಕದಲ್ಲಿ ತಯಾರಾದವು. ಸಣ್ಣ ಚಕ್ರದ ಕಷ್ಟ ಇನ್ನೂ ಒಂದಿದೆ. ಎಂಟು ಇಂಚಿನ ರಿಮ್ಮಿನ ಚಕ್ರ ಆ 65 ಮೈಲಿಯಲ್ಲಿ ನಿಮಿಷಕ್ಕೆ ಸುಮಾರು 1,370 ಸುತ್ತು ತಿರುಗುತ್ತದೆ. ಹನ್ನೆರಡು ಇಂಚಿನದು ಸುಮಾರು 1,070. ಚಿಕ್ಕ ಚಕ್ರಕ್ಕೆ ಬೇರಿಂಗಿನ ಬಿಸಿ ಹೆಚ್ಚು, ಗುಂಡಿಗೆ ಬೀಳುವುದೂ ಹೆಚ್ಚು. ಎಂಟು ಇಂಚಿನ ಟ್ರೇಲರ್ ಅಗ್ಗವಾಗಿ ಸಿಗುತ್ತದೆ, ಊರೊಳಗಿನ ಓಡಾಟಕ್ಕೆ ಸಾಕು. ಒಂದು ದಿನಕ್ಕೆ ಎಂಟುನೂರು ಕಿಲೋಮೀಟರ್ ಹೋಗುವವರು ಹನ್ನೆರಡು ಇಂಚಿಗಿಂತ ಕೆಳಗೆ ಇಳಿಯಬಾರದು. ಪೆಟ್ರೋಲಿಗೆ ನಿಂತಾಗಲೆಲ್ಲ ಚಕ್ರದ ಹಬ್ಬನ್ನು ಕೈಯಿಂದ ಮುಟ್ಟಿ ನೋಡುವುದು ಅನುಭವಿಗಳ ಅಭ್ಯಾಸ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಗ್ರೀಸ್ ಮುಗಿದಿದೆ ಅಥವಾ ಬೇರಿಂಗ್ ಹೋಗಿದೆ. 21 ಲೀಟರಿನ ಟ್ಯಾಂಕು ಟ್ರೇಲರ್ ಎಳೆಯುವಾಗ ಮೊದಲಿನಷ್ಟು ದೂರ ಬರುವುದಿಲ್ಲವಾದ್ದರಿಂದ ಹೀಗೆ ಮುಟ್ಟಿ ನೋಡುವ ಅವಕಾಶ ಪದೇಪದೇ ಸಿಗುತ್ತದೆ.

ಬೈಕಿನ ಹಿಂದಿನ ಟೈರೂ ಬೇಗ ಸವೆಯುತ್ತದೆ. ಇದಕ್ಕೆಂದು ಗೋಲ್ಡ್ ವಿಂಗಿನ ಹಿಂದಿನ ರಿಮ್ಮಿಗೆ ಕಾರಿನ ಟೈರನ್ನೇ ಹಾಕುವ ಒಂದು ಪಂಥ ಅಮೆರಿಕದಲ್ಲಿದೆ. ತಮ್ಮನ್ನು ತಾವೇ 'ಡಾರ್ಕ್‌ಸೈಡ್' ಎಂದು ಕರೆದುಕೊಳ್ಳುತ್ತಾರೆ. ವಾಲುವ ಬೈಕಿಗೆ ಚಪ್ಪಟೆ ಮೈಯ ಟೈರು ಹೇಗೆ ಸರಿ ಎಂದು ಕೇಳಿದರೆ ಅವರ ಬಳಿ ಉದ್ದುದ್ದ ಉತ್ತರಗಳಿವೆ. ನನಗೆ ಯಾವುದೂ ಒಪ್ಪಿಗೆಯಾಗಿಲ್ಲ.

ಒಂದೇ ಚಕ್ರದ ಟ್ರೇಲರ್‌ಗಳೂ ಇವೆ. ಅವು ಬೈಕಿನ ಜೊತೆಗೇ ವಾಲುತ್ತವೆ, ಬೈಕಿನ ಜಾಡಿನಲ್ಲೇ ಬರುತ್ತವೆ, ಸಂದಿಗೊಂದಿಯಲ್ಲಿ ನುಸುಳುತ್ತವೆ. ತಿರುವುಗಳ ಬೆಟ್ಟದ ರಸ್ತೆಯನ್ನು ಪ್ರೀತಿಸುವವರು ಒಮ್ಮೆ ಇದನ್ನು ಎಳೆದರೆ ಮತ್ತೆ ಎರಡು ಚಕ್ರದ್ದನ್ನು ಮುಟ್ಟುವುದಿಲ್ಲ ಎನ್ನುತ್ತಾರೆ. ಆದರೆ ಅದು ತಾನಾಗಿ ನಿಲ್ಲಲಾರದು. ಅದನ್ನು ಎತ್ತಿ ಹಿಡಿಯುವುದೂ ಬೈಕಿನ ಕೊಂಡಿಯೇ, ಆದ್ದರಿಂದ ಹೊರೆಯ ಹೆಚ್ಚಿನ ಪಾಲು ಬೈಕಿನ ಮೇಲೆ ಬೀಳುತ್ತದೆ, ಹಿಡಿಸುವ ಸಾಮಾನೂ ಕಡಿಮೆ. ಎರಡು ಚಕ್ರದ್ದರಲ್ಲಿ ಜಾಡು ಮೂರಾಗುತ್ತದೆ: ನಡುವೆ ಬೈಕಿನದು, ಎರಡು ಪಕ್ಕ ಟ್ರೇಲರಿನದು. ಬೈಕು ಗುಂಡಿ ತಪ್ಪಿಸಿದರೆ ಟ್ರೇಲರಿನ ಒಂದು ಚಕ್ರ ಅದರೊಳಗೆ ಇಳಿಯುತ್ತದೆ. ತಿರುವಿನಲ್ಲಿ ಟ್ರೇಲರ್ ಒಳಗಿನ ಅಂಚನ್ನು ಕತ್ತರಿಸಿ ಬರುತ್ತದೆ, ಬಲಕ್ಕೆ ಹೊರಳುವಾಗ ಫುಟ್‌ಪಾತಿನ ಕಲ್ಲು ಹತ್ತುತ್ತದೆ. ಇದು ನಾಲ್ಕು ದಿನದಲ್ಲಿ ರೂಢಿಯಾಗುತ್ತದೆ. ಕ್ಯಾಂಪಿಂಗಿಗೆ ಹೋಗುವ ದಂಪತಿಗೆ ಎರಡು ಚಕ್ರದ್ದೇ ಸರಿ.

ಸಸ್ಪೆನ್ಷನ್ ವಿಷಯ ಹೆಚ್ಚು ತಲೆಕೆಡಿಸಿಕೊಳ್ಳುವಂಥದ್ದಲ್ಲ. ಎಲೆಪಟ್ಟಿ ಸ್ಪ್ರಿಂಗ್ ಹಗುರ ಹೇರಿಗೆ ಒರಟು. ಕೊಳವೆಯೊಳಗೆ ರಬ್ಬರ್ ಇರುವ ಟಾರ್ಷನ್ ಆಕ್ಸಲಿಗೆ ಆರೈಕೆ ಕಡಿಮೆ. ಹೇರಿಗೆ ತಕ್ಕಂತೆ ಗಾಳಿ ತುಂಬಬಹುದಾದ ಏರ್ ಸಸ್ಪೆನ್ಷನ್ ಎಲ್ಲಕ್ಕಿಂತ ಮೆತ್ತಗೆ, ಎಲ್ಲಕ್ಕಿಂತ ದುಬಾರಿ. ಪೆಟ್ಟಿಗೆ ಫೈಬರ್‌ಗ್ಲಾಸಿನದೋ ಅಲ್ಯೂಮಿನಿಯಮ್ಮಿನದೋ ಎಂಬುದು ರುಚಿಯ ಪ್ರಶ್ನೆ. ಎತ್ತರ ಮಾತ್ರ ಬೈಕಿನ ಟ್ರಂಕನ್ನು ಮೀರದಿರಲಿ, ಸವಾರನ ಬೆನ್ನ ಹಿಂದಿನ ಗಾಳಿಮರೆಯಲ್ಲೇ ಅದು ಅಡಗಿರಲಿ. ವಯೋಮಿಂಗಿನ ಐ-80 ಹೆದ್ದಾರಿಯಲ್ಲಿ ಬೀಸುವ ಅಡ್ಡಗಾಳಿಗೆ ಭಾರಿ ಲಾರಿಗಳೇ ಮಗುಚುತ್ತವೆ. ಚಪ್ಪಟೆ ಪಕ್ಕದ ಎತ್ತರದ ಪೆಟ್ಟಿಗೆಯನ್ನು ಆ ಗಾಳಿ ಬಿಡುವುದಿಲ್ಲ.

ದೀಪಗಳಿಗೆ ಮಾತ್ರ ಎರಡು ಮಾತು ಬೇಕು. ಟ್ರೇಲರ್ ಕಟ್ಟಿದ ಮೇಲೆ ಹಿಂದಿನವರಿಗೆ ಕಾಣುವುದು ಅದರ ದೀಪವೇ. ಬೈಕಿನ ದೀಪ ಮರೆಯಾಗುತ್ತದೆ. ಹಲವು ಬೈಕುಗಳಲ್ಲಿ ಬ್ರೇಕಿನ ದೀಪ ಬೇರೆ, ಇಂಡಿಕೇಟರ್ ಬೇರೆ. ಅಮೆರಿಕದ ಅಗ್ಗದ ಟ್ರೇಲರ್‌ಗಳಲ್ಲಿ ಒಂದೇ ಬಲ್ಬು ಎರಡೂ ಕೆಲಸ ಮಾಡುತ್ತದೆ. ನಡುವೆ ಒಂದು ಪರಿವರ್ತಕ ಹಾಕದೆ ಸುಮ್ಮನೆ ತಂತಿಗೆ ತಂತಿ ಸುತ್ತಿದರೆ ಎಡಕ್ಕೆ ಹೊರಳುವಾಗ ಏನೇನೋ ಉರಿಯುತ್ತದೆ. ಹೊಸ ಬೈಕುಗಳ ವಿದ್ಯುತ್ ವ್ಯವಸ್ಥೆಯನ್ನು ಕಂಪ್ಯೂಟರೇ ಕಾಯುವುದರಿಂದ, ಟ್ರೇಲರಿನ ದೀಪಗಳಿಗೆ ಬ್ಯಾಟರಿಯಿಂದ ನೇರವಾಗಿ ಕರೆಂಟ್ ಕೊಟ್ಟು, ಬೈಕಿನ ತಂತಿಗಳಿಂದ ಸಂಕೇತವನ್ನಷ್ಟೇ ಪಡೆಯುವ ಐಸೊಲೇಟರ್ ಹಾಕಿಸಬೇಕು. ಅರ್ಥಿಂಗಿಗೆ ಪ್ರತ್ಯೇಕ ತಂತಿ ಇರಲಿ. ಅದನ್ನು ಕೊಂಡಿಯ ಗುಂಡಿನ ಮೂಲಕವೇ ಹಾಯಿಸಿದ್ದರೆ ಗ್ರೀಸು, ತುಕ್ಕು ಸೇರಿ ದೀಪ ಮಿಣುಕುತ್ತದೆ.

ಬೆಲೆಯಲ್ಲಿ ಅಂತರ ದೊಡ್ಡದು. ಒಂದು ಕಡೆ ಹಾರ್ಬರ್ ಫ್ರೈಟ್‌ನಂಥ ಅಂಗಡಿಯಲ್ಲಿ ಬಿಡಿಬಿಡಿಯಾಗಿ ಸಿಗುವ ಟ್ರೇಲರ್ ಚೌಕಟ್ಟು ಕೊಂಡು, ಅದರ ಮೇಲೆ ಕಾರಿನ ತಲೆಯ ಮೇಲಿಡುವ ಪ್ಲಾಸ್ಟಿಕ್ ಪೆಟ್ಟಿಗೆ ಬೋಲ್ಟ್ ಮಾಡಿ ಕೆಲವು ನೂರು ಡಾಲರಿನಲ್ಲಿ ಮುಗಿಸುವವರು. ಇನ್ನೊಂದು ಕಡೆ ಬೈಕಿನ ಬಣ್ಣಕ್ಕೇ ಬಣ್ಣ ಹೊಂದಿಸಿದ ಟ್ರೇಲರಿಗೆ ಹಲವು ಸಾವಿರ ಡಾಲರ್ ಕೊಡುವವರು. ಮನೆಯಲ್ಲಿ ಕಟ್ಟಿದ್ದೆಲ್ಲ ಕೆಟ್ಟದ್ದಲ್ಲ. ಚೌಕಟ್ಟು ಕಟ್ಟುವಾಗ ಮೂಕಿಯನ್ನು ಉದ್ದ ಮಾಡಿ, ಸ್ವಿವೆಲ್ ಕಪ್ಲರ್ ಹಾಕಿ, ಚಕ್ರ ದೊಡ್ಡದು ಮಾಡಿದ್ದರೆ ಅದು ಸಾವಿರಾರು ಡಾಲರಿನ ಎಷ್ಟೋ ಪೆಟ್ಟಿಗೆಗಳಿಗಿಂತ ಮೇಲು. ಎರಡರ ನಡುವೆ ಇರುವುದು ಹಳೆಯ ಟ್ರೇಲರ್‌ಗಳ ಸಂತೆ. 1977ರಲ್ಲಿ ಅರಿಜೋನಾದ ಫೀನಿಕ್ಸ್‌ನಲ್ಲಿ ಹುಟ್ಟಿದ ಗೋಲ್ಡ್ ವಿಂಗ್ ರೋಡ್ ರೈಡರ್ಸ್ ಅಸೋಸಿಯೇಷನ್ 2022ರಲ್ಲಿ ಮುಚ್ಚಿತು. ಅದರ ಸದಸ್ಯರಲ್ಲಿ ಬಹಳ ಮಂದಿಗೆ ವಯಸ್ಸಾಗಿದೆ. ಸವಾರಿ ನಿಲ್ಲಿಸಿದ ಹಿರಿಯರ ಗ್ಯಾರೇಜಿನಿಂದ ಒಳ್ಳೊಳ್ಳೆ ಟ್ರೇಲರ್‌ಗಳು ಮಾರಾಟಕ್ಕೆ ಬರುತ್ತವೆ. ಅಮೆರಿಕದಲ್ಲಿರುವ ಕನ್ನಡಿಗ ಸವಾರರು ಹೊಸದನ್ನು ಕೊಳ್ಳುವ ಮೊದಲು ಇವನ್ನು ನೋಡಬೇಕು. ನೋಡುವಾಗ ಟೈರಿನ ಪಕ್ಕದಲ್ಲಿ ಕೊನೆಯ ನಾಲ್ಕು ಅಂಕಿ ಓದಬೇಕು: 2319 ಎಂದಿದ್ದರೆ 2019ನೇ ವರ್ಷದ 23ನೇ ವಾರ ತಯಾರಾದದ್ದು. ಟ್ರೇಲರ್ ವರ್ಷದ ಬಹುಕಾಲ ನಿಂತೇ ಇರುವುದರಿಂದ ಅದರ ಟೈರು ಸವೆದು ಸಾಯುವುದಿಲ್ಲ, ಮುಪ್ಪಾಗಿ ಬಿರಿಯುತ್ತದೆ. ಗೀರು ಚೆನ್ನಾಗಿದೆ ಎಂದು ಮೋಸಹೋಗಬಾರದು.

ಗೋಲ್ಡ್ ವಿಂಗ್ ಬೆಂಗಳೂರಿನಲ್ಲೂ ಓಡುತ್ತದೆ, ಬೆಲೆ ನಲವತ್ತು ಲಕ್ಷದ ಆಸುಪಾಸು. ಇಲ್ಲಿ ಟ್ರೇಲರ್ ಕಟ್ಟುವ ಆಸೆ ಹುಟ್ಟಿದವರು ಒಂದನ್ನು ನೆನಪಿಡಬೇಕು: ನಮ್ಮ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲಿ ಟ್ರೇಲರ್ ಕೂಡ ಒಂದು ಮೋಟಾರು ವಾಹನವೇ. ಹಳ್ಳಿಯ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿಗೂ ಬೇರೆ ನಂಬರ್ ಇರುವುದು ಅದಕ್ಕೇ. ವೆಲ್ಡಿಂಗ್ ಅಂಗಡಿಗೆ ಹೋಗುವ ಮೊದಲು ಆರ್‌ಟಿಒ ಕಚೇರಿಗೆ ಹೋಗಿ ಕೇಳುವುದು ಕ್ಷೇಮ.

ಕೊಂಡ ಮೇಲೆ ಮೊದಲ ವಾರ ಯಾವುದಾದರೂ ಖಾಲಿ ಪಾರ್ಕಿಂಗ್ ಮೈದಾನದಲ್ಲಿ ಕಳೆಯಬೇಕು, ತುಂಬಿದ ಟ್ರೇಲರಿನೊಂದಿಗೆ, ಹಿಂದೆ ಯಾರನ್ನೂ ಕೂರಿಸಿಕೊಳ್ಳದೆ. ಎಂಟರ ಆಕಾರದಲ್ಲಿ ಸುತ್ತುವುದು, ನಿಧಾನವಾಗಿ ನಿಲ್ಲಿಸುವುದು, ಆಮೇಲೆ ಸ್ವಲ್ಪ ಜೋರಾಗಿ ನಿಲ್ಲಿಸುವುದು. ಹಿಂದಕ್ಕೆ ಹೋಗುವುದನ್ನು ಮಾತ್ರ ಕಲಿಯಲು ಹೋಗಬೇಡಿ. ಗೋಲ್ಡ್ ವಿಂಗಿಗೆ ರಿವರ್ಸ್ ಇದೆ ನಿಜ, ಆದರೆ ಮೊಟಕು ಟ್ರೇಲರ್ ಎರಡೇ ಹೆಜ್ಜೆಗೆ ಮಡಚಿಕೊಂಡು ಬೈಕಿನ ಪೆಟ್ಟಿಗೆಗೆ ಗುದ್ದುತ್ತದೆ. ಕೊಂಡಿ ಬಿಚ್ಚಿ, ಟ್ರೇಲರನ್ನು ಕೈಯಲ್ಲೇ ತಳ್ಳಿ ಒಂದು ಪಕ್ಕ ನಿಲ್ಲಿಸಿ, ಬೈಕನ್ನು ತಿರುಗಿಸಿ ತಂದು ಮತ್ತೆ ಕಟ್ಟುವುದೇ ಬೇಗ ಆಗುವ ಕೆಲಸ. ಹಾಗೆ ಒಬ್ಬರೇ ತಳ್ಳಿ ಹೊರಳಿಸಲಾಗದಷ್ಟು ಭಾರ ಇದ್ದರೆ, ಅಲ್ಲೇ ಮುಚ್ಚಳ ತೆರೆದು ಏನೇನು ಇಳಿಸಬಹುದು ಎಂದು ನೋಡಬೇಕು. ಮಡಚುವ ಕುರ್ಚಿಗಳಿಂದ ಶುರು ಮಾಡಿ.